ಮಾತಿನ ಕೆಳಗೊಂದು ಅಂಗೈ

ಸೊಣ್ಣಮ್ಮನವರ ಎದುರು ಯಾರಾದರೂ ಬಾಯಿತಪ್ಪಿ ‘ಮಾಡ್ತೀನಿ’ ಎಂದರೆ ಸಾಕು, ಅವರ ಬಲಗೈ ತಾನಾಗಿ ಮುಂದೆ ಬಂದು, ಅಂಗೈ ಆಕಾಶಕ್ಕೆ ಮುಖವಾಗಿ, ಬೆರಳುಗಳು ಒಂದಿಷ್ಟೂ ಅಲುಗದೆ ನಿಂತುಬಿಡುತ್ತದೆ. ಅದರ ಮೇಲೆ ನಿಮ್ಮ ಅಂಗೈ ಬೀಳುವ ತನಕ ಆ ಕೈ ಹಿಂದೆ ಸರಿಯುವುದಿಲ್ಲ. ಅವರ ಮುಖದಲ್ಲಿ ಕೋಪವೂ ಇರುವುದಿಲ್ಲ, ನಗೆಯೂ ಇರುವುದಿಲ್ಲ, ಬಸ್ಸಿಗೆ ಕಾಯುವವರ ನಿರ್ವಿಕಾರವೊಂದೇ ಇರುತ್ತದೆ. ನಲ್ಲಿ ರಿಪೇರಿಯವನು ‘ನಾಳೆ ಬರ್ತೀನಮ್ಮ’ ಎಂದು ಹೇಳಿ, ಮುಂದೆ ಬಂದ ಕೈ ಕಂಡು ನಕ್ಕು, ತನ್ನ ಕೈ ಇಟ್ಟು ಹೋಗುತ್ತಾನೆ, ಮರುದಿನ ನಿಜಕ್ಕೂ ಬರುತ್ತಾನೆ. ಮೋರಿ ನೋಡಲು ಬಂದ ಯಾವುದೋ ಇಲಾಖೆಯ ಎಂಜಿನಿಯರೊಬ್ಬರು ‘ಮಾಡಿಸೋಣ, ಮಾಡಿಸೋಣ’ ಎಂದು ಎರಡು ಸಲ ಹೇಳಿದವರು, ಆ ಅಂಗೈಯನ್ನು ನೋಡಿದ್ದೇ ತಮ್ಮೆರಡೂ ಕೈಗಳನ್ನು ಪ್ಯಾಂಟಿನ ಜೇಬಿಗಿಳಿಸಿಕೊಂಡು ಜೀಪು ಹತ್ತಿದರು. ‘ಬುಡಿ, ಆ ಮೋರಿ ಆಗಾಕಿಲ್ಲ’ ಎಂದು ಸೊಣ್ಣಮ್ಮನವರು ಅಂದೇ ತೀರ್ಪು ಕೊಟ್ಟರು. ಮೋರಿ ಇವತ್ತಿಗೂ ಹಾಗೆಯೇ ಇದೆ.

ಪುಟ್ಟೇನಹಳ್ಳಿ ಕೆರೆಗೆ ಕೂಗಳತೆಯಲ್ಲಿರುವ ಅವರ ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಪುಸ್ತಕಗಳ ಕರಡು ತಿದ್ದಿ, ಬಿಡುವಾದಾಗ ನಾನೂ ಒಂದಿಷ್ಟು ಬರೆದು ಬದುಕುವ ಮನುಷ್ಯ ನಾನು. ಪಾಠ ಹೇಳಿದವನಲ್ಲದಿದ್ದರೂ ಅವರು ನನ್ನನ್ನು ಕರೆಯುವುದು ಮೇಷ್ಟ್ರು ಎಂದೇ. ನಾಲ್ಕು ವರ್ಷದ ಹಿಂದೆ ಮನೆ ನೋಡಲು ಬಂದಾಗ ಅವರು ಮೆಟ್ಟಿಲ ಕೆಳಗಿನ ತಮ್ಮ ಸ್ಟೂಲಿನ ಮೇಲೆ ಕುಳಿತು ಮೂರು ಪ್ರಶ್ನೆ ಕೇಳಿದ್ದರು: ಎಷ್ಟು ಜನ ಇದ್ದೀರಿ, ಏನು ಕೆಲಸ, ಯಾವ ಜನ. ಮೂರಕ್ಕೂ ನಾನು ಒಂದೇ ಉಸಿರಿನಲ್ಲಿ ಉತ್ತರಿಸಿದೆ, ಮೂರೂ ಅವರಿಗೆ ಒಪ್ಪಿಗೆಯಾದವು. ‘ಗೋಡೆಗೆ ಮೊಳೆ ಹೊಡಿಯಾಕಿಲ್ಲ ಅಂತ ಯೋಳಿ’ ಎಂದು ಅಂಗೈ ಚಾಚಿದರು. ನಾನು ಕೈ ಇಟ್ಟೆ. ಅಂದಿನಿಂದ ನನ್ನ ಮನೆಯ ಕ್ಯಾಲೆಂಡರು ಕಿಟಕಿಯ ಸರಳಿಗೇ ನೇತಾಡುತ್ತಿದೆ. ಆ ಮೂರನೆಯ ಪ್ರಶ್ನೆಯಲ್ಲಿ ಏನಾದರೂ ಊನವಿದೆ ಎಂದು ಆಗ ನನಗೂ ಅನ್ನಿಸಲಿಲ್ಲ, ಅವರಿಗೂ ಅನ್ನಿಸಲಿಲ್ಲ.

ಎಪ್ಪತ್ತರ ಆಸುಪಾಸಿನ, ಕಡ್ಡಿಯಂತೆ ನೆಟ್ಟಗಿರುವ ಈ ಹೆಂಗಸಿನ ನಡಿಗೆಗೆ ಬಡಾವಣೆಯ ನಕ್ಷೆ ಅನ್ವಯಿಸುವುದಿಲ್ಲ. ನಾವೆಲ್ಲ ಕ್ರಾಸು, ಮೇನು ಎಂದು ಚೌಕಚೌಕವಾಗಿ ತಿರುಗಿ ಹೋಗುವಲ್ಲಿ ಅವರು ಓರೆಯಾಗಿ ನಡೆಯುತ್ತಾರೆ, ಯಾಕೆಂದರೆ ಅವರ ಗಂಡ ಚಿಕ್ಕಬೈರಪ್ಪನವರ ರಾಗಿ ಹೊಲದ ಬದು ಓರೆಯಾಗಿತ್ತು. ಹೊಲ ಹೋಗಿ ಮೂವತ್ತು ವರ್ಷವಾಯಿತು. ಬದುವಿನ ಮೇಲೆ ಈಗ ಒಂದು ಅಪಾರ್ಟ್‌ಮೆಂಟಿನ ಪಾರ್ಕಿಂಗು, ಒಂದು ಜಿಮ್ಮು, ಒಂದು ಮಕ್ಕಳ ಬಟ್ಟೆಯಂಗಡಿ ಇವೆ. ಸೊಣ್ಣಮ್ಮನವರು ಈ ಗೇಟಿನಲ್ಲಿ ಹೊಕ್ಕು ಆ ಗೇಟಿನಲ್ಲಿ ಹೊರಬರುತ್ತಾರೆ. ಮೊದಮೊದಲು ತಡೆಯುತ್ತಿದ್ದ ಸೆಕ್ಯೂರಿಟಿಯವರು ಈಗ ದೂರದಿಂದ ಅವರ ತಲೆ ಕಂಡರೆ ಸಾಕು, ಎದ್ದು ಗೇಟು ತೆಗೆಯುತ್ತಾರೆ. ‘ಕಾಲಿಗೆ ದಾರಿ ಗೊತ್ತು ಕಣ್ರಪ್ಪ, ಅದನ್ನ ನಾನೇನು ಮಾಡ್ಲಿ’ ಎನ್ನುವುದು ಅವರ ಸಮಜಾಯಿಷಿ.

ಆ ಓರೆ ದಾರಿ ಕೊನೆಗೊಳ್ಳುವುದು ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ. ಅದು ಅವರ ಮಾವ ಬಿಟ್ಟುಕೊಟ್ಟ ಜಾಗ. ಬಿಟ್ಟುಕೊಟ್ಟದ್ದು ಹೇಗೆಂಬುದನ್ನು ಅವರು ನನಗೆ ಹತ್ತು ಸಲವಾದರೂ ಹೇಳಿದ್ದಾರೆ: ಅಂದಿನ ಹೆಡ್‌ಮಾಸ್ತರು ರಾಗಿ ಪೈರಿನ ನಡುವೆ ನಿಂತು ಅಂಗೈ ಚಾಚಿದರು, ಮಾವ ತಮ್ಮ ಅಂಗೈ ಇಟ್ಟು ‘ಕೊಟ್ಟೆ’ ಎಂದರು, ಅಷ್ಟೇ. ಕಾಗದ ಪತ್ರ ಆದದ್ದು ಹನ್ನೆರಡು ವರ್ಷದ ಮೇಲೆ. ಅಷ್ಟರಲ್ಲಿ ಆ ಹೆಡ್‌ಮಾಸ್ತರು ವರ್ಗವಾಗಿ ಹೋಗಿದ್ದರು, ಜಾಗದ ಬೆಲೆ ಏರತೊಡಗಿತ್ತು, ಬಂಧುಗಳು ‘ಬರವಣಿಗೆ ಎಲ್ಲೈತೆ’ ಎಂದು ಕಿವಿಯೂದಿದ್ದರು. ಮಾವ ಮಾತ್ರ ತಮ್ಮ ಬಲಗೈಯನ್ನೇ ಎತ್ತಿ ತೋರಿಸುತ್ತಿದ್ದರಂತೆ. ಆ ಮನೆತನದಲ್ಲಿ ಮದುವೆಯ ಮಾತುಕತೆ, ದನದ ವ್ಯಾಪಾರ, ಗುತ್ತಿಗೆ, ಎಲ್ಲವೂ ಹೀಗೆ ಅಂಗೈಗೆ ಅಂಗೈ ತಾಗಿಸಿಯೇ ನಡೆದವು. ಹಾಗಾಗಿ ಮಾತು ಕೊಡುವುದೆಂದರೆ ಅವರ ಪ್ರಕಾರ ಇಬ್ಬರು ಮಾಡುವ ಕೆಲಸ: ಕೊಡುವವನ ಕೈ ಮೇಲೆ, ತಗೊಳ್ಳುವವನ ಕೈ ಕೆಳಗೆ. ಕೆಳಗೆ ಕೈಯಿಲ್ಲದ ಮಾತು ನೆಲಕ್ಕೆ ಬಿದ್ದು ಹೋಗುತ್ತದೆ.

ಎರಡೂವರೆ ವರ್ಷದ ಹಿಂದಿನ ಆಗಸ್ಟ್ ಹದಿನೈದರಂದು ಜಾಗ ಕೊಟ್ಟವರ ಮನೆಯವರೆಂದು ಅವರನ್ನು ಧ್ವಜಾರೋಹಣಕ್ಕೆ ಕರೆದಿದ್ದರು. ಬಾವುಟ ಏರಿತು, ರಾಷ್ಟ್ರಗೀತೆ ಮುಗಿಯಿತು. ಮುಖ್ಯೋಪಾಧ್ಯಾಯಿನಿ ಅಂಜನಾ ಮೇಡಂ ಪ್ರತಿಜ್ಞೆ ಆರಂಭಿಸಿದರು. ನೂರಾ ಇಪ್ಪತ್ತು ಮಕ್ಕಳು ಬಲಗೈಯನ್ನು ಭುಜದೆತ್ತರಕ್ಕೆ ಮುಂದೆ ಚಾಚಿ, ಒಂದೇ ರಾಗದಲ್ಲಿ, ಒಂದೇ ಉಸಿರಿನಲ್ಲಿ ಅದನ್ನು ಒಪ್ಪಿಸಿದರು. ವರ್ಷಗಟ್ಟಲೆ ಇದನ್ನು ದೂರದಿಂದ ಕೇಳುತ್ತಿದ್ದ ಸೊಣ್ಣಮ್ಮನವರು ಅಂದು ಮೊದಲ ಬಾರಿಗೆ ಎದುರಿನಿಂದ ನೋಡಿದರು. ನೂರಾ ಇಪ್ಪತ್ತು ಕೈಗಳು ಮೇಲಿವೆ, ಕೆಳಗೆ ಒಂದೂ ಇಲ್ಲ. ಅವರಿಗೆ ಅದು ಅರೆಬರೆ ವ್ಯವಹಾರದಂತೆ ಕಂಡಿತು.

‘ಈಗ ಮಾತು ಕೊಟ್ರಲ್ಲ, ಯಾರಿಗೆ ಕೊಟ್ರಿ’ ಎಂದು ಅವರು ಮೈಕಿಲ್ಲದೆಯೇ ಕೇಳಿದರು.

ಮಕ್ಕಳು ಅಂಜನಾ ಮೇಡಂ ಕಡೆ ನೋಡಿದರು. ‘ದೇಶಕ್ಕೆ ಅಮ್ಮ, ಪ್ಲೆಡ್ಜ್ ಅಂದ್ರೆ ದೇಶಕ್ಕೆ ಕೊಡೋದು’ ಎಂದರು ಅವರು.

‘ಸರಿ, ದೇಶದೋರು ಯಾರಾರ ಬಂದು ಕೈ ಮಡಗಲಿ. ಇಲ್ಲಾಂದ್ರೆ ಈ ಮಕ್ಕಳ ಮಾತು ತಗಳೋರ್‍ಯಾರು’ ಎಂದವರೇ ಕುರ್ಚಿಯಿಂದ ಎದ್ದು, ಮೊದಲ ಸಾಲಿನ ತುದಿಯ ಮಗುವಿನ ಚಾಚಿದ ಕೈಯ ಕೆಳಗೆ ತಮ್ಮ ಅಂಗೈಯನ್ನು ಇಟ್ಟರು. ‘ಈಗ ಯೋಳು, ನಿಧಾನಕ್ಕೆ, ಅರ್ಥ ಮಾಡ್ಕಂಡು ಯೋಳು.’ ಆ ಮಗುವಿಗೆ ಮೂರನೆಯ ವಾಕ್ಯದ ಮುಂದೆ ಹೋಗಲಾಗಲಿಲ್ಲ. ಬಾಯಿಪಾಠ ತಪ್ಪಿತ್ತೆಂದಲ್ಲ, ಕೈಯ ಕೆಳಗೊಂದು ಬೆಚ್ಚಗಿನ ಕೈ ಇರುವಾಗ ಹಾಗೆ ಸರಸರ ಹೇಳಿಬಿಡಲು ಅದಕ್ಕೆ ಆಗಲಿಲ್ಲ.

ಅಲ್ಲಿಂದ ಶುರುವಾಯಿತು ಶನಿವಾರದ ಪಾಠ. ಶನಿವಾರ ಬೆಳಗಿನ ಶಾಲೆ. ಮೊದಲ ಅರ್ಧ ಗಂಟೆ ಸೊಣ್ಣಮ್ಮನವರದು. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟ ಅವರಿಗೆ ಬೋರ್ಡಿನ ಮೇಲೆ ಬರೆಯಲು ಸಂಕೋಚ, ನನ್ನ ಅಕ್ಷರ ಗುಂಡಗಿದೆ ಎಂಬುದು ಬಾಡಿಗೆ ಕರಾರಿನ ಸಹಿಯಿಂದ ಅವರಿಗೆ ಗೊತ್ತಿತ್ತು. ಹಾಗಾಗಿ ನಾನು ಬೋರ್ಡಿನ ಕೆಲಸಕ್ಕೆ ನೇಮಕಗೊಂಡೆ. ಪ್ರತಿಜ್ಞೆಯ ಒಂದು ವಾಕ್ಯಕ್ಕೆ ಒಂದು ತಿಂಗಳು. ಹಿರಿಯರನ್ನು ಗೌರವಿಸುವ ವಾಕ್ಯವನ್ನು ತಗೊಳ್ಳಲು ಬಿಸಿಯೂಟದ ಅಡುಗೆಯವರು ಬಂದು ಕೈ ಚಾಚಿ ಕುಳಿತರು. ಎಲ್ಲರೊಡನೆ ಸೌಜನ್ಯದಿಂದಿರುವ ವಾಕ್ಯಕ್ಕೆ ಆಟೋ ಸ್ಟ್ಯಾಂಡಿನ ಬೈರಣ್ಣ ಬಂದ. ಸೌಜನ್ಯ ಎಂದರೇನೆಂದು ಮಕ್ಕಳು ಕೇಳಿದರೆ ಬೈರಣ್ಣ, ‘ನನ್ನ ಆಟೋಲಿ ಕೂತ್ಕಂಡು ಸೀಟ್ ಸ್ಪಂಜು ಕೀಳ್ದೇ ಇರೋದು’ ಎಂದು ಭಾಷ್ಯ ಬರೆದ. ಅಷ್ಟೂ ಮಕ್ಕಳು ಅವನ ಅಂಗೈ ಮೇಲೆ ಅದಕ್ಕೇ ಮಾತು ಕೊಟ್ಟರು.

ರಾಷ್ಟ್ರಗೀತೆಯನ್ನು ಅವರು ಕಲಿಸಿದ್ದು ಬೇರೆಯೇ ರೀತಿಯಲ್ಲಿ. ಅದರಲ್ಲಿ ನಾಡುಗಳ ಹೆಸರು ಬರುತ್ತವೆಂದು ನಾನು ವಿವರಿಸಿದಾಗ, ‘ಹಂಗಾದ್ರೆ ಅದು ಹಾಜರಿ’ ಎಂದರು. ಹಾಜರಿ ಕೂಗಿದ ಮೇಲೆ ಬಂದವರು ಕಣ್ಣಿಗೆ ಕಾಣಬೇಕು. ಮಕ್ಕಳು ಶಾಲೆಯ ಸುತ್ತ ಹುಡುಕಿ ಒಂದೊಂದು ನಾಡಿನವರನ್ನು ಕರೆತರಬೇಕು, ಬಂದವರು ತರಗತಿಯ ಗೋಡೆಯ ಮೇಲೆ ತಮ್ಮ ಲಿಪಿಯಲ್ಲಿ ಹೆಸರು ಬರೆಯಬೇಕು. ಒಡಿಶಾದವರು ಅಪಾರ್ಟ್‌ಮೆಂಟಿನ ಗೇಟಿನಲ್ಲೇ ಸಿಕ್ಕರು, ಬಂಗಾಳದವರು ಅದೇ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ. ಗುಜರಾತಿನವರು ಪ್ಲೈವುಡ್ ಅಂಗಡಿಯಲ್ಲಿದ್ದರು. ಸಿಂಧಿನವರಿಗಾಗಿ ಎರಡು ತಿಂಗಳು ಹುಡುಕಿ, ಕೊನೆಗೆ ಜಯನಗರ ನಾಲ್ಕನೇ ಬ್ಲಾಕಿನ ಬಟ್ಟೆಯಂಗಡಿಯ ಮುದುಕರೊಬ್ಬರನ್ನು ಆಟೋದಲ್ಲಿ ಕರೆತಂದರು. ಅವರು ಹೆಸರು ಬರೆದು ಮುಗಿಸಿ, ಸೀಮೆಸುಣ್ಣವನ್ನು ಕೆಳಗಿಡದೆ ಎಷ್ಟೋ ಹೊತ್ತು ಗೋಡೆಯನ್ನೇ ನೋಡುತ್ತ ನಿಂತಿದ್ದರು. ದ್ರಾವಿಡ ಅಂದರೆ ಯಾರಜ್ಜಿ ಎಂದು ಯಾರೋ ಕೇಳಿದ್ದಕ್ಕೆ ಸೊಣ್ಣಮ್ಮನವರು, ‘ಮನೇಗೋಗಿ ಕನ್ನಡಿ ನೋಡ್ಕಳಿ’ ಎಂದರು.

ಇಷ್ಟೆಲ್ಲ ಹೇಳಿದ್ದು ಅವರ ಹೆಚ್ಚುಗಾರಿಕೆಯನ್ನು ಹೊಗಳಲಿಕ್ಕಲ್ಲ. ಈ ಪಾಠದಲ್ಲಿ ಒಂದು ನಿಯಮವಿತ್ತು, ಅದನ್ನು ಮಾಡಿದವರು ಅವರೇ: ಮಾತು ತಗೊಳ್ಳುವವರಿಗೆ ‘ಬೇಡ’ ಎನ್ನುವ ಹಕ್ಕಿದೆ. ಒಂದೂವರೆ ವರ್ಷ ಆ ಹಕ್ಕನ್ನು ಯಾರೂ ಬಳಸಲಿಲ್ಲ. ಬಳಸಿದವರು ಅಂಕಮ್ಮ.

ಶಾಲೆಯ ಮುಂದಿನ ರಸ್ತೆಯನ್ನೂ ಸುತ್ತಲಿನ ಕ್ರಾಸುಗಳನ್ನೂ ಹದಿನೆಂಟು ವರ್ಷದಿಂದ ಗುಡಿಸುತ್ತಿರುವ ಪೌರಕಾರ್ಮಿಕರು ಅಂಕಮ್ಮ. ಸೀರೆಯ ಮೇಲೆ ಹಸಿರು ಕೋಟು, ತಲೆಗೊಂದು ಟವೆಲು, ಮಾತು ಕಡಿಮೆ. ಹೋದ ವರ್ಷದ ಫೆಬ್ರವರಿಯಲ್ಲಿ ಪಾಠ, ಪ್ರತಿಜ್ಞೆಯಲ್ಲಿ ಕೊನೆಗೆಂದು ಉಳಿಸಿಕೊಂಡಿದ್ದ, ಎಲ್ಲರೂ ಒಡಹುಟ್ಟಿದವರೆಂಬ ವಾಕ್ಯಕ್ಕೆ ಬಂದಿತ್ತು. ಇದನ್ನು ತಗೊಳ್ಳಲು ಯಾರನ್ನು ಕರೆಯೋಣ ಎಂದಾಗ ಐದನೇ ಕ್ಲಾಸಿನ ಮೇಘಶ್ರೀ, ದಿನಾ ಗೇಟಿನ ಹತ್ತಿರವೇ ಇರುವ ಅಂಕಮ್ಮ ಆಂಟಿಯನ್ನು ಕರೆಯೋಣ ಎಂದಳು. ಪೊರಕೆಯನ್ನು ಗೋಡೆಗೆ ಒರಗಿಸಿ ಅಂಕಮ್ಮ ಒಳಗೆ ಬಂದರು. ಮೇಘಶ್ರೀ ಕೈ ಚಾಚಿದಳು. ಅಂಕಮ್ಮ ತಮ್ಮ ಎರಡು ಕೈಗಳನ್ನೂ ಕೋಟಿನ ಜೇಬಿಗೆ ಇಳಿಸಿಕೊಂಡರು.

‘ಬೇಡ ಪಾಪಾ. ನಿಂದೇನೂ ತಪ್ಪಿಲ್ಲ. ನಂಗೆ ಬೇಡ.’

‘ಯಾಕೆ ಆಂಟಿ?’

ಅಂಕಮ್ಮ, ದೂರು ಹೇಳುವವರ ದನಿಯಲ್ಲಲ್ಲ, ವಿಳಾಸ ಹೇಳುವವರ ದನಿಯಲ್ಲಿ ಹೇಳಿದರು: ‘ಇಲ್ಲೇ ಹಿಂದ್ಗಡೆ ಕ್ರಾಸಿನ ಬಿಲ್ಡಿಂಗಲ್ಲಿ ಮೂರನೇ ಮಹಡಿ ಖಾಲಿ ಐತೆ ಅಂತ ಬೋರ್ಡು ನೋಡಿ ಹೋಗಿದ್ದೆ. ಹೋದ ತಿಂಗಳು. ಯಾವ ಜನ ಅಂತ ಕೇಳಿದ್ರು. ಹೇಳ್ದೆ. ಮನೆ ಆಗೋಯ್ತು ಅಂದ್ರು. ಬೋರ್ಡು ಇನ್ನೂ ಅಲ್ಲೇ ಐತೆ, ದಿನಾ ಅದ್ರ ಕೆಳಗೇ ಗುಡಿಸ್ತೀನಿ.’

‘ಯಾರ್ ಆಂಟಿ ಹಂಗಂದಿದ್ದು?’

ಅಂಕಮ್ಮ ಹೇಳಲಿಲ್ಲ, ಯಾರ ಕಡೆಗೂ ನೋಡಲೂ ಇಲ್ಲ. ಸೀಮೆಸುಣ್ಣ ಹಿಡಿದು ನಿಂತಿದ್ದ ನನಗೆ ಗೊತ್ತಿತ್ತು. ಆ ಬೋರ್ಡು ನನ್ನ ಬಾಲ್ಕನಿಗೆ ನೇರವಾಗಿ ಮೇಲೆ ತೂಗುತ್ತಿತ್ತು. ಅಂಜನಾ ಮೇಡಂ ಅವರಿಗೂ ಗೊತ್ತಾಯಿತೆಂದು ತೋರುತ್ತದೆ, ‘ಮಕ್ಕಳೇ, ಟೈಮಾಯ್ತು, ಕ್ಲಾಸಿಗೆ ಹೋಗಿ’ ಎಂದರು.

‘ಇರಿ ಮೇಡಂ, ಪಾಠ ಮುಗ್ದಿಲ್ಲ’ ಎಂದರು ಸೊಣ್ಣಮ್ಮನವರು. ‘ಹಂಗಂದಿದ್ದು ನಾನೇ ಕಣವ್ವ.’

ಮಕ್ಕಳು ಅಂಜನಾ ಮೇಡಂ ಕಡೆ ತಿರುಗಿದರು. ಮೇಘಶ್ರೀ ಮಾತ್ರ ಸೊಣ್ಣಮ್ಮನವರ ಬಲಗೈಯನ್ನೇ ನೋಡುತ್ತಿದ್ದಳು. ‘ಅಜ್ಜಿ, ನಿಮ್ ಕೈ ಯಾವಾಗ್ಲೂ ಕೆಳಗಡೆನೇ ಇರುತ್ತಲ್ವಾ’ ಎಂದಳು. ‘ಎಲ್ರ ಹತ್ರನೂ ತಗೊಳ್ತೀರ. ನೀವ್ ಯಾರಿಗೂ ಕೊಟ್ಟಿಲ್ಲ.’

ಅದರಲ್ಲಿ ಆಕ್ಷೇಪವಿರಲಿಲ್ಲ, ಕಂಡದ್ದನ್ನು ಹೇಳಿದ್ದಳು ಅಷ್ಟೇ. ಸೊಣ್ಣಮ್ಮನವರು ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಮನೆಗೆ ಬರುವಾಗ ಅವರು ಓರೆ ದಾರಿ ಹಿಡಿಯಲಿಲ್ಲ. ನನ್ನ ಜೊತೆ ರಸ್ತೆಯಲ್ಲೇ, ಕ್ರಾಸುಗಳಲ್ಲಿ ತಿರುಗಿ ತಿರುಗಿ ಬಂದರು.

ಮೆಟ್ಟಿಲ ಕೆಳಗೆ ನಿಂತು, ‘ಮೇಷ್ಟ್ರೆ, ಅವತ್ತು ನಾನು ಯಾವ ಜನ ಅಂದಾಗ ನೀವ್ಯಾಕೆ ಯೋಳುದ್ರಿ’ ಎಂದು ಕೇಳಿದರು.

‘ನೀವು ಕೇಳಿದ್ರಿ, ಹೇಳ್ದೆ.’

‘ಕೇಳಿದ್ದು ನನ್ನ ತಪ್ಪು. ಯೋಳಿದ್ದು?’

ಹೇಳಿದರೆ ಮನೆ ಸಿಗುತ್ತದೆಂಬ ಖಾತರಿ ಇದ್ದವನಿಗೆ ಹೇಳುವುದು ಎಷ್ಟು ಸಲೀಸು ಎಂಬುದು ಆ ಕ್ಷಣದಲ್ಲಿ ಹೊಳೆದು, ನಿಂತಲ್ಲೇ ನಾಚಿಕೊಂಡೆ. ಅಕ್ಷರ ತಿದ್ದಿ ಬದುಕುವವನಿಗೆ ಈ ನಾಚಿಕೆ ಇನ್ನೂ ಮೊದಲೇ ಆಗಬೇಕಿತ್ತು.

ಸೊಣ್ಣಮ್ಮನವರ ಮಗ ಶಿವರಾಮ್ ಕೆಟ್ಟವನಲ್ಲ. ಕೋಣನಕುಂಟೆಯಲ್ಲಿ ಸಿಮೆಂಟು ಕಬ್ಬಿಣದ ವ್ಯಾಪಾರ ಮಾಡಿಕೊಂಡಿರುವ, ಯಾರಿಗೂ ಜೋರಾಗಿ ಮಾತಾಡದ ಮನುಷ್ಯ. ಅಂದು ಸಂಜೆ ಅವನ ದನಿ ಮೇಲಿನ ಮಹಡಿಗೂ ಕೇಳಿಸಿತು.

‘ನಂಗೇನಿಲ್ಲಮ್ಮ. ಮಿಕ್ಕ ಮನೆಯೋರು ಏನಂತಾರೆ? ಎಲ್ಲಾರ್ಗೂ ಸಂಪ್ ಒಂದೇ ಅಲ್ವಾ.’

‘ಸಂಪಿಗೆ ನೀರು ಕಾವೇರಿಯಿಂದ ಬತ್ತದೆ. ಅಲ್ಲಿ ಯಾರ್‍ಯಾರು ಮಿಂದವ್ರೆ ಅಂತ ಯಾವತ್ತಾರ ಪೈಪ್‌ನ ಕೇಳಿದ್ಯಾ.’

‘ಸ್ಕೂಲಲ್ಲಿ ಹೇಳ್ಕೊಡೋದು ಬೇರೆ, ಮನೆ ಬೇರೆ ಕಣಮ್ಮ.’

‘ಹಂಗಾದ್ರೆ ನಿಮ್ಮ ತಾತ ಕೊಟ್ಟ ಸ್ಕೂಲ್ ಜಾಗ ಕಿತ್ಕಂಡು ಅಲ್ಲೂ ಮನೆ ಕಟ್ಟು. ಎರಡೂ ಒಂದೇ ಆಗೋಯ್ತದೆ.’

ಸೋಮವಾರ ಬೆಳಿಗ್ಗೆ ಸೊಣ್ಣಮ್ಮನವರು ಕುರ್ಚಿ ಹತ್ತಿ ತಾವೇ ಬೋರ್ಡು ಬಿಚ್ಚಿದರು, ನನ್ನನ್ನು ಎಬ್ಬಿಸಿ ‘ಬನ್ನಿ’ ಎಂದರು. ಪೌರಕಾರ್ಮಿಕರು ಬೆಳಗಿನ ಹಾಜರಿ ಹಾಕಲು ಸೇರುವ ಜಾಗಕ್ಕೆ, ಮೂವತ್ತು ನಲವತ್ತು ಹಸಿರು ಕೋಟುಗಳ ನಡುವೆ, ಕಂಕುಳಲ್ಲಿ ಆ ಬೋರ್ಡು ಇಟ್ಟುಕೊಂಡು ನಡೆದರು. ಅಂಕಮ್ಮನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು: ‘ಅಂಕಮ್ಮ, ಕೇಳಬಾರದ್ದು ಕೇಳ್ದೆ. ಸುಳ್ಳೂ ಯೋಳ್ದೆ. ತಪ್ಪಾಯ್ತು. ಮನೆ ಐತೆ, ಬಾ. ಇನ್ನು ಯಾರ್ ಬಂದ್ರೂ ಆ ಮಾತು ಕೇಳಾಕಿಲ್ಲ.’ ಹೇಳಿ ಬಲಗೈ ಚಾಚಿದರು. ಅಂಗೈ ಈ ಸಲ ನೆಲಕ್ಕೆ ಮುಖವಾಗಿತ್ತು. ಮೂರು ವರ್ಷದಲ್ಲಿ ಆ ಕೈಯನ್ನು ನಾನು ಹಾಗೆ ಕಂಡದ್ದು ಅದೇ ಮೊದಲು.

ಅಂಕಮ್ಮ ಕೈಯನ್ನು ನೋಡಿದರು, ಬೋರ್ಡನ್ನು ನೋಡಿದರು. ‘ಮನೆಗೆ ಬರ್ತೀನಿ ಅಮ್ಮೋರೆ, ನಂಗೆ ಮನೆ ಬೇಕು. ಮಾತು ಈಗ್ಲೇ ಬೇಡ. ಇದ್ದು ನೋಡಿ ತಗೊಳ್ತೀನಿ.’

ಚಾಚಿದ ಕೈ ತುಸು ಹೊತ್ತು ಹಾಗೆಯೇ ನಿಂತಿತ್ತು, ಆಮೇಲೆ ಬರಿದಾಗಿ ಕೆಳಗಿಳಿಯಿತು. ‘ಅದೇ ಸರಿ’ ಎಂದರು ಸೊಣ್ಣಮ್ಮನವರು.

ಯುಗಾದಿಯ ಮರುವಾರ ಅಂಕಮ್ಮ, ಗಂಡ ಮತ್ತು ಮಗಳ ಜೊತೆ ಹಾಲುಕ್ಕಿಸಲು ಬಂದರು. ಅಂದು ರಜೆ ಹಾಕಿದ್ದರೂ, ಹೊಸ ಸೀರೆಯ ಮೇಲೆ ಹಸಿರು ಕೋಟು ತೊಟ್ಟೇ ಮೂರು ಮಹಡಿ ಹತ್ತಿದರು. ‘ಇವತ್ತೂ ಯಾಕವ್ವ ಕೋಟು’ ಎಂದು ಸೊಣ್ಣಮ್ಮನವರು ಕೇಳಿದ್ದಕ್ಕೆ, ‘ನಮ್ಗೆ ಗೊತ್ತಾಗ್ಲಿಲ್ಲ ಅಂತ ಆಮೇಲೆ ಯಾರೂ ಅನ್ಬಾರ್ದಲ್ಲ’ ಎಂದರು. ಯಾರಿಗೂ ಗೊತ್ತಾಗದೇ ಇರಲಿಲ್ಲ. ಕೆಳಗಿನ ಮನೆಯ ಸಂಸಾರವೊಂದು ಕೆಲವು ತಿಂಗಳಲ್ಲಿ ಆಫೀಸು ದೂರವಾಗುತ್ತದೆಂದು ಖಾಲಿ ಮಾಡಿತು. ಆಫೀಸು ಮೊದಲಿನಿಂದಲೂ ಅಷ್ಟೇ ದೂರವಿತ್ತು. ಶಿವರಾಮ್ ತಾಯಿಯ ಮುಖ ನೋಡಿದ. ‘ಹೋಗೋರ್‍ಗೆ ಆಟೋ ಕರಿ’ ಎಂದರು ತಾಯಿ.

ಶ್ರಾವಣದ ಮೊದಲ ಶುಕ್ರವಾರ ಸೊಸೆ ಎಲ್ಲ ಮನೆಗಳ ಹೆಂಗಸರನ್ನೂ ಒಳಗೆ ಕರೆದು ಅರಿಶಿನ ಕುಂಕುಮ ಕೊಟ್ಟಳು. ಅಂಕಮ್ಮನ ಪಾಲಿನ ತೆಂಗಿನಕಾಯಿ, ರವಿಕೆ ಕಣ ಮಾತ್ರ ಒಂದು ಚೀಲದಲ್ಲಿ ಮೂರನೇ ಮಹಡಿಯ ಬಾಗಿಲಿಗೆ ಹೋಯಿತು. ಹಾಗೆ ಕಳಿಸಿದ್ದು ಸೊಸೆಯಲ್ಲ, ಸೊಣ್ಣಮ್ಮನವರೇ. ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ಅಂಕಮ್ಮನಿಗೆ ಹೊತ್ತಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಆ ಆಗಸ್ಟ್ ಹದಿನೈದರಂದು ಬಾವುಟದ ಕೆಳಗೆ, ಮಕ್ಕಳೆಲ್ಲರ ಎದುರು ಅವರು ಮತ್ತೆ ಕೈ ಚಾಚಿದಾಗ ಅಂಕಮ್ಮ ತಲೆಯಲ್ಲಾಡಿಸಿದರು. ‘ಇನ್ನೂ ಇಲ್ಲ ಅಮ್ಮೋರೆ. ಚೀಲ ಬಂತಲ್ಲ.’ ಮಕ್ಕಳಿಗೆ ಅರ್ಥವಾಗಲಿಲ್ಲ, ಸೊಣ್ಣಮ್ಮನವರಿಗೆ ತಡವಾಗಿ ಆಯಿತು. ‘ಕಾಲು ಹಳೇ ಬದುವಿಗೆ ಓಯ್ತದೆ ಅಂತಿದ್ದೆ ಮೇಷ್ಟ್ರೆ’ ಎಂದರು ಅಂದು ಮಧ್ಯಾಹ್ನ, ‘ಕೈಯೂ ಓಯ್ತದೆ.’ ನಾನಾಗಿದ್ದರೆ ಆ ಶನಿವಾರ ಜ್ವರವೆಂದು ಹೇಳಿ ಮಲಗಿಬಿಡುತ್ತಿದ್ದೆ. ಅವರು ಪಾಠಕ್ಕೆ ಹೋದರು, ಚೀಲದ ಕಥೆಯನ್ನು ತಾವೇ ಮಕ್ಕಳಿಗೆ ಬಿಡಿಸಿ ಹೇಳಿದರು, ‘ಇದೇ ಆ ವಾಕ್ಯದ ಅರ್ಥ, ಬರ್‍ಕಳಿ’ ಎಂದರು. ಮುಂದಿನ ಹಬ್ಬಕ್ಕೆ ತಾವೇ ಮೂರು ಮಹಡಿ ಹತ್ತಿ ಅಂಕಮ್ಮನನ್ನು ಕರೆತಂದರು. ಅಂಕಮ್ಮ ಬಂದರು, ಊಟ ಮಾಡಿದರು, ಮಾತಿನ ವಿಷಯ ಎತ್ತಲಿಲ್ಲ.

ಖಾಲಿಯಾಗಿದ್ದ ಕೆಳಗಿನ ಮನೆ ನೋಡಲು ಡಿಸೆಂಬರಿನ ಒಂದು ಮಧ್ಯಾಹ್ನ ಗಂಡಹೆಂಡಿರಿಬ್ಬರು ಬಂದರು. ನಾನು ಮೆಟ್ಟಿಲಿಳಿಯುತ್ತಿದ್ದೆ. ತಿರುವಿನಲ್ಲಿ ಅಂಕಮ್ಮ, ಡ್ಯೂಟಿ ಮುಗಿಸಿ ಬಂದವರು, ಒಂದು ಮೆಟ್ಟಿಲ ಮೇಲೆ ಕುಳಿತಿದ್ದರು. ಸುಮ್ಮನಿರಿ ಎಂಬಂತೆ ನನ್ನ ಕಡೆ ಕೈ ಅಲುಗಿಸಿದರು. ಕೆಳಗೆ ಸ್ಟೂಲಿನ ಮೇಲಿದ್ದ ಸೊಣ್ಣಮ್ಮನವರಿಗೆ ನಾವಿಬ್ಬರೂ ಕಾಣುತ್ತಿರಲಿಲ್ಲ.

‘ಎಷ್ಟು ಜನ ಇದ್ದೀರಿ’ ಎಂದರು ಅವರು. ‘ಏನು ಕೆಲಸ.’ ಆಮೇಲೆ ಒಂದು ನಿಲುಗಡೆ. ಅರವತ್ತು ವರ್ಷದ ಅಭ್ಯಾಸ ಆ ನಿಲುಗಡೆಯಲ್ಲಿ ಬಾಯಿಯ ತನಕ ಬಂದು ನಿಂತಿದ್ದು ನನಗೆ ಮೇಲಿನಿಂದಲೇ ತಿಳಿಯಿತು. ಅಂಕಮ್ಮ ಮುಂದಕ್ಕೆ ಬಾಗಿದರು. ಬಂದ ಗಂಡಸು ಬಲ್ಲವನಿರಬೇಕು, ಕೇಳದೆಯೇ, ‘ಅಮ್ಮಾ, ನಾವು ನಿಮ್ಮೋರೇ, ನಮ್ಮ ಜನ...’ ಎಂದು ಆರಂಭಿಸಿದ.

‘ಅದನ್ನ ಯಾರೂ ಕೇಳಲಿಲ್ಲ’ ಎಂದರು ಸೊಣ್ಣಮ್ಮನವರು. ‘ಇಲ್ಲಿ ಅದನ್ನ ಯೋಳೋ ಹಂಗೂ ಇಲ್ಲ. ಗೋಡೆಗೆ ಮೊಳೆ ಹೊಡಿಯಾಕಿಲ್ಲ ಅಂತ ಯೋಳಿ.’

ಅಂಕಮ್ಮ ಎದ್ದು, ಸದ್ದಿಲ್ಲದೆ ಮೇಲೆ ಹೋದರು.

ಮೊನ್ನೆ ಜನವರಿ ಇಪ್ಪತ್ತಾರರ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು; ಈಗ ಆರನೇ ಕ್ಲಾಸಿನಲ್ಲಿರುವ ಮೇಘಶ್ರೀಯ ಪಾಲಿಗೆ ಪ್ರತಿಜ್ಞೆ ಹೇಳಿಕೊಡುವ ಕೆಲಸ ಬಂದಿತ್ತು. ಒಡಹುಟ್ಟಿದವರ ವಾಕ್ಯ ಬಂದಾಗ ಅವಳು ನಿಲ್ಲಿಸಿದಳು. ಸೊಣ್ಣಮ್ಮನವರು ಮುಂದೆ ಬಂದು, ಮೂರನೆಯ ಸಲ, ಕೈಯನ್ನು ಚಾಚಿದರು. ಕೈ ಭುಜದೆತ್ತರದಿಂದ ಒಂದಂಗುಲವೂ ಇಳಿಯಲಿಲ್ಲ. ಗೇಟಿನ ಬಳಿಯಿದ್ದ ಅಂಕಮ್ಮ ಪೊರಕೆ ಒರಗಿಸಿ ಒಳಗೆ ಬಂದರು. ತಮ್ಮ ಬಲಗೈಯನ್ನು ಕೋಟಿಗೆ ಎರಡು ಸಲ ಒರೆಸಿಕೊಂಡು, ಅಂಗೈ ಮೇಲಾಗಿಸಿ, ಆ ಕೈಯ ಕೆಳಗೆ ಹಿಡಿದರು.

‘ಯೋಳಕ್ಕ’ ಎಂದರು.

ಸೊಣ್ಣಮ್ಮನವರು ಆ ಒಂದು ವಾಕ್ಯವನ್ನು ನಿಧಾನವಾಗಿ, ಪದಪದವಾಗಿ, ಮಗುವಿನಂತೆ ಹೇಳಿದರು. ಮುಗಿದ ಮೇಲೂ ಅಂಕಮ್ಮ ಕೈ ಬಿಡಲಿಲ್ಲ. ‘ತಗೊಂಡಿದ್ದೀನಿ. ಮುಂದಿನ ವರ್ಷ ಮತ್ತೆ ಕೇಳ್ತೀನಿ.’

‘ಕೇಳು’ ಎಂದರು ಸೊಣ್ಣಮ್ಮನವರು. ‘ಕೇಳಬೇಕು.’

ನಾನು ಹಿಂದಿನ ಸಾಲಿನಲ್ಲಿ ನಿಂತು, ಎಲ್ಲರಂತೆ ಕೈ ಚಾಚಿದ್ದೆ. ಸೊಣ್ಣಮ್ಮನವರಂಥವರನ್ನು ನಾವು ದೊಡ್ಡವರೆಂದು ಕರೆಯಬೇಕಾದ್ದು ಅವರು ತಪ್ಪು ಮಾಡುವುದಿಲ್ಲವೆಂದಲ್ಲ. ನಮ್ಮೆಲ್ಲರ ತಪ್ಪನ್ನೂ ಅವರು ಮಾಡುತ್ತಾರೆ, ಕೆಲವೊಮ್ಮೆ ಜೋರಾಗಿಯೇ ಮಾಡುತ್ತಾರೆ. ಆದರೆ ಮಾತೆಂದರೆ ಇನ್ನೊಬ್ಬರ ಅಂಗೈ ಎಂದು ನಂಬಿದ ಈ ಜಾತಿಯ ಜನ ತಮ್ಮ ಮಾತಿಗೆ ತಾವೇ ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದ ಮೇಲೆ ಕೈ ಕೊಸರಿಕೊಂಡು ಓಡುವುದಿಲ್ಲ, ಅದೇ ಕೈಯನ್ನು ಮತ್ತೊಮ್ಮೆ ಚಾಚುತ್ತಾರೆ, ಬರಿದಾಗಿ ಹಿಂತಿರುಗಿದರೆ ಮರುವರ್ಷ ಮತ್ತೆ ಚಾಚುತ್ತಾರೆ. ದೇಶವೆಂಬುದು ಒಂದಿಷ್ಟಾದರೂ ನೆಟ್ಟಗೆ ನಿಂತಿರುವುದು ಇಂಥವರ ಹಟದ ಮೇಲೆ ಎಂದು ನನಗೆ ಅನ್ನಿಸುತ್ತದೆ. ನಾವು ಉಳಿದವರು ಪ್ರತಿಜ್ಞೆಯನ್ನು ಒಂದಕ್ಷರವೂ ತಪ್ಪದೆ ಒಪ್ಪಿಸುತ್ತೇವೆ, ಗಾಳಿಗೆ ಚಾಚಿದ ಕೈಯನ್ನು ಯಾರೂ ಹಿಡಿದು ಕೇಳಲಾರರೆಂಬ ಧೈರ್ಯದಿಂದ. ಅಂದು ಪ್ರತಿಜ್ಞೆ ಮುಗಿದು, ಮಕ್ಕಳು ಕೈ ಇಳಿಸಿ, ಲಾಡು ಪಡೆಯಲು ಸಾಲು ಕಟ್ಟಿದರು. ನಾನು ಇನ್ನೂ ಕೈ ಚಾಚಿಯೇ ನಿಂತಿದ್ದೆನೆಂದು ಪಕ್ಕದವರು ಮುಟ್ಟಿ ಹೇಳಿದಾಗ ಗೊತ್ತಾಯಿತು. ಬಗ್ಗಿ ನೋಡಿದೆ, ಕೈಯ ಕೆಳಗೆ ಯಾರೂ ಇರಲಿಲ್ಲ.